ಕೊಡೆಯವನ ಕತ್ತಿ

ನಮ್ಮೂರಲ್ಲಿ ಒಂದು ಸಿನಿಮಾವನ್ನು ಒಬ್ಬರು ಒಂದೇ ಸಲ ನೋಡಬಹುದು. ಎರಡನೇ ಸಲ ಹೋಗಿ ಕೂತರೆ ಮಾತು ಕೇಳಿಸುತ್ತದೆ, ಸಂಗೀತ ಕೇಳಿಸುತ್ತದೆ, ಪರದೆ ಮಾತ್ರ ಒಗೆದು ಹರವಿದ ಪಂಚೆಯ ಹಾಗೆ ಬೆಳ್ಳಗಿರುತ್ತದೆ. ರೀಲನ್ನು ಬಿಸಿಲಿಗೆ ಹಿಡಿದು ನೋಡಿದರೂ ಅಷ್ಟೇ, ಬಸ್ಸು ಹತ್ತಿ ಬೇರೆ ಊರಿಗೆ ಹೋಗಿ ನೋಡಿದರೂ ಅಷ್ಟೇ. ಹಾಗಾಗಿ ನಮ್ಮ ಜನ ಸಿನಿಮಾಕ್ಕೆ ಸುಮ್ಮನೆ ಹೋಗುವುದಿಲ್ಲ. ಮುಖ ತೊಳೆದುಕೊಂಡು, ಮನೆಯಲ್ಲಿ ಜಗಳವಾಗಿದ್ದರೆ ರಾಜಿ ಮಾಡಿಕೊಂಡು, ನೆಗಡಿಯಿದ್ದರೆ ಮುಂದಿನ ವಾರಕ್ಕೆ ಹಾಕಿ ಹೋಗುತ್ತಾರೆ. ಹೆಣ್ಣು ನೋಡಲು ಬಂದವರು ಹಾಡು ಬರುತ್ತದಾ ಅಂತ ಕೇಳುವ ಮೊದಲು ಯಾವ ಯಾವ ಸಿನಿಮಾ ನೋಡಿಲ್ಲ ಅಂತ ಕೇಳುತ್ತಾರೆ. ಇಬ್ಬರೂ ನೋಡದಿರುವುದು ನಾಲ್ಕಾದರೂ ಇರಲಿ ಅಂತ ಹಿರಿಯರ ಆಸೆ.

ಒಮ್ಮೆ ನೋಡಿ ಮೆಚ್ಚಿದ್ದು ಮತ್ತೆ ಬೇಕು ಅನ್ನಿಸಿದರೆ ಒಂದು ದಾರಿಯಿದೆ. ಅದನ್ನು ನೋಡದ ಒಬ್ಬರನ್ನು ಹುಡುಕಿ ಪರದೆಯ ಎದುರು ಕೂರಿಸಬೇಕು. ಅವರು ನೋಡುತ್ತ ಗಟ್ಟಿಯಾಗಿ ಹೇಳಬೇಕು, ನೋಡಿದವರೆಲ್ಲ ಪರದೆಗೆ ಬೆನ್ನು ಹಾಕಿ ಕೂತು ಕೇಳಬೇಕು. ಹಾಗೆ ಹೇಳುವವರನ್ನು ನಾವು 'ಕಣ್ಣು' ಅನ್ನುತ್ತೇವೆ. ಹೊರಗಿನವರನ್ನು ಕಣ್ಣಾಗಿ ಕೂರಿಸುವ ಪದ್ಧತಿ ಇಲ್ಲ. ಇನ್ನೊಮ್ಮೆ ನೋಡಿದರಾಯಿತು ಅನ್ನುವ ಸದರದಲ್ಲಿ ಬೆಳೆದವರು ಅವರು, ಪರದೆ ಬಿಟ್ಟು ಕಡಲೆಕಾಯಿ ಪೊಟ್ಟಣ ನೋಡುತ್ತಾರೆ.

ನಾನು ಚಂಪಾ. ಸಂತೆಬೀದಿಯಲ್ಲಿ ರವಿಕೆ ಹೊಲಿಯುತ್ತೇನೆ, ನಲವತ್ತಾರು ದಾಟಿದೆ. ಜಂಬವಲ್ಲ, ಊರಿನ ಒಳ್ಳೆಯ ಕಣ್ಣುಗಳಲ್ಲಿ ನಾನೂ ಒಬ್ಬಳು ಅಂತ ಜನ ಹೇಳುತ್ತಾರೆ. ನನ್ನನ್ನು ಹಾಗೆ ತಯಾರು ಮಾಡಿದವರು ನನ್ನ ಸೋದರಮಾವ ದೇವೀರಪ್ಪ. ಕತ್ತಿ ಸಂಘ ಕಟ್ಟಿದವರು ಅವರೇ. ಹೆಸರು ಕೇಳಿ ಹೊಸಬರು ಕಟುಕರ ಸಂಘವೇನೋ ಅಂತ ಗಾಬರಿಯಾಗುತ್ತಾರೆ. ಅದು ಜಪಾನಿನ ಹಳೆಯ ಸಮುರಾಯ್ ಸಿನಿಮಾಗಳ ಸಂಘ. ಹಳೆಯ ರಾಗಿ ಗೋದಾಮಿನಲ್ಲಿ ಅರವತ್ತಮೂರು ಸಿನಿಮಾಗಳ ತಗಡಿನ ಡಬ್ಬಿಗಳಿವೆ, ಎಲ್ಲವೂ ಕಪ್ಪು ಬಿಳುಪು. ಹೆಸರಾದದ್ದು ಒಂದೂ ಇಲ್ಲ. ಹೆಸರಾದದ್ದನ್ನು ಎಲ್ಲರೂ ನೋಡಿಬಿಟ್ಟಿರುತ್ತಾರೆ, ಕಣ್ಣು ಸಿಗುವುದಿಲ್ಲ. ಯಾರಿಗೂ ಬೇಡವಾದದ್ದು, ತಂದವರೇ ಮರೆತದ್ದು, ಬಾಗಿಲು ಹಾಕಿದ ಟಾಕೀಸಿನ ಅಟ್ಟದಲ್ಲಿ ಇಲಿಗೆ ಬಿಟ್ಟದ್ದು, ಅಂಥದ್ದನ್ನೇ ಮಾವ ಐವತ್ತು ವರ್ಷ ಕಾಗದ ಬರೆದು, ಕಾಲಿಗೆ ಬಿದ್ದು, ಒಂದಕ್ಕೊಂದು ಅದಲು ಬದಲು ಮಾಡಿ ಕೂಡಿಸಿದರು. ಡಬ್ಬಿಯ ಮೇಲಿನ ಬರಹ ನಮಗೆ ಓದಲು ಬಾರದು, ಅವರಾಡುವ ಮಾತೂ ತಿಳಿಯದು. ಹಾಗಾಗಿ ನಾವೇ ಹೆಸರಿಟ್ಟೆವು. ಕುಂಟು ಕುದುರೆ, ಒಂದೇ ಚಪ್ಪಲಿ, ಅಕ್ಕಿ ಕದ್ದವರು, ಹೀಗೆ.

"ಕತ್ತಿ ಎಳೆಯೋದು ಏನ್ ದೊಡ್ಡದಲ್ಲ ಕಣವ್ವ," ಅನ್ನುತ್ತಿದ್ದರು ಮಾವ. "ಎಳೆಯೋಕೆ ಮುಂಚೆ ಹೆಂಗೆ ನಿಂತ್ಕಂತಾನೆ ಅನ್ನೋದನ್ನ ಹೇಳು. ಪಾದ ಎಲ್ಲಿದೆ, ಉಸಿರು ಎಲ್ಲಿದೆ, ಹುಲ್ಲು ಯಾವ ಕಡೆ ಬಾಗಿದೆ."

ಅರವತ್ತೆರಡು ಸಿನಿಮಾ ನಾನು ನೋಡಿದ್ದೇನೆ. ನೋಡದೆ ಉಳಿದದ್ದು ಒಂದು, 'ಕೊಡೆಯವನು'. ಚಿಕ್ಕಂದಿನಿಂದ ಆ ಡಬ್ಬಿ ತೆಗೆದರೆ ಸಾಕು, ಮಾವ ನನ್ನನ್ನು ಹೊರಗೆ ಕಳಿಸುತ್ತಿದ್ದರು. "ನೀನು ಅದಕ್ಕೆ ಇಟ್ಟ ಕಣ್ಣು," ಅನ್ನುತ್ತಿದ್ದರು. ಮಗಳ ಮದುವೆಗೆ ಅಂತ ಸೀರೆ ಎತ್ತಿಡುವ ಹಾಗೆ ನನ್ನನ್ನು ಎತ್ತಿಟ್ಟಿದ್ದರು.

ಆ ಸಿನಿಮಾದ ಕಥೆ ಊರಿಗೆಲ್ಲ ಗೊತ್ತು. ಯಜಮಾನನನ್ನು ಕಳೆದುಕೊಂಡ ಒಬ್ಬ ಸಮುರಾಯ್ ಹೊಟ್ಟೆಪಾಡಿಗೆ ಕಾಗದದ ಕೊಡೆ ಮಾಡಿಕೊಂಡಿರುತ್ತಾನೆ. ಅವನು ಹಸಿದು ಬಿದ್ದಿದ್ದಾಗ ಅನ್ನ ಹಾಕಿದವನು ಒಬ್ಬ ದೋಣಿಯವನು. ಒಂದು ದಿನ ಕುದುರೆಯ ಮೇಲೆ ಆಳು ಬಂದು ಕಾಗದ ಕೊಡುತ್ತಾನೆ. ಆ ದೋಣಿಯವನನ್ನು ಕೊಂದರೆ ಹಳೆಯ ಕೆಲಸ, ಹಳೆಯ ಮರ್ಯಾದೆ ಎಲ್ಲ ವಾಪಸ್ ಅಂತ ಅದರಲ್ಲಿದೆ ಅನ್ನುವುದು ಊರವರ ಊಹೆ. ಕೊಡೆಯವನು ನದಿಯ ಮರಳದಿಣ್ಣೆಗೆ ಹೋಗಿ ನಿಲ್ಲುತ್ತಾನೆ, ಕತ್ತಿಯ ಹಿಡಿಗೆ ಕೈ ಹಾಕುತ್ತಾನೆ. ಆಮೇಲೆ ಅವನ ಸೊಂಟದಲ್ಲಿ ಕತ್ತಿಯಿಲ್ಲ. ದೋಣಿ ಹೋಗುತ್ತಿದೆ, ಹುಟ್ಟು ಹಾಕುವವನ ಬೆನ್ನು ಮಾತ್ರ ಕಾಣುತ್ತದೆ. ನಡುವೆ ಏನಾಯಿತು ಅನ್ನುವುದರ ಮೇಲೆ ಊರು ಎರಡು ಭಾಗ. ಹನ್ನೊಂದು ಜನ ಕಣ್ಣಾಗಿ ಕೂತು ಹೇಳಿದ್ದಾರೆ. ಕತ್ತಿ ಎಳೆದು ನದಿಗೆ ಎಸೆದ ಅಂತ ಆರು ಜನ. ಕೊಂದು, ಆಮೇಲೆ ಕತ್ತಿಯನ್ನು ನದಿಗೆ ಎಸೆದ, ದೋಣಿಯಲ್ಲಿರುವವನು ಬೇರೆ ಯಾರೋ ಅಂತ ಐದು ಜನ.

ಇದು ಹರಟೆಯ ವಿಷಯವಾಗಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಮಾವ ಈ ಸಿನಿಮಾ ನೋಡಿದ್ದು ಹತ್ತೊಂಬತ್ತನೇ ವಯಸ್ಸಿಗೆ, ಇದೇ ಡಬ್ಬಿಯ ರೀಲಿನಲ್ಲಿ. ಇಪ್ಪತ್ತಾರಕ್ಕೆ ಅವರ ಹೆಂಡತಿ ಒಬ್ಬ ಜವಳಿ ವ್ಯಾಪಾರಿಯ ಜೊತೆ ಹೋದಳು. ಮಾವ ಮಚ್ಚು ಹಿಡಿದು ಹೊರಟರು. ಇಡೀ ಬೀದಿ ನೋಡುತ್ತ ನಿಂತಿತ್ತು. ಸೇತುವೆಯ ಆಚೆ ಅವರಿಬ್ಬರೂ ಬಸ್ಸಿಗೆ ಕಾಯುತ್ತಿದ್ದರು. ಮಾವ ಸೇತುವೆಯ ಅರ್ಧಕ್ಕೆ ಹೋಗಿ, ಮಚ್ಚನ್ನು ಹೊಳೆಗೆ ಎಸೆದು ವಾಪಸ್ ಬಂದರು. ಅವತ್ತಿನಿಂದ ಅವರ ಬೆನ್ನ ಹಿಂದೆ ಹೇಡಿ ಅನ್ನುವ ಮಾತು ನಿಂತೇ ಇಲ್ಲ. ಮಾವ ಮಾತ್ರ, "ನಾನು ಹೆದರಿ ಬರಲಿಲ್ಲ. ಕೊಡೆಯವನು ನೆನಪಾದ, ಅದಕ್ಕೇ ಬಂದೆ," ಅನ್ನುತ್ತಿದ್ದರು. ಅವರ ಜೀವದ ಗೆಳೆಯ ಶಂಕರಲಿಂಗು ಮೇಷ್ಟರು ಒಂದು ದಿನ ಕಣ್ಣಾಗಿ ಕೂತು, ತುಂಬಿದ ಸಭೆಯಲ್ಲಿ, "ಕೊಂದ. ಕೊಂದೇ ಬಿಟ್ಟ," ಅಂತ ಹೇಳಿದರು. ಮಾವ ಎದ್ದು ಹೊರಗೆ ಹೋದರು. ಅದಾಗಿ ಮೂವತ್ತೊಂದು ವರ್ಷ. ಇಬ್ಬರೂ ಪ್ರತಿ ಭಾನುವಾರ ಸಂಘಕ್ಕೆ ಬರುತ್ತಿದ್ದರು, ಒಬ್ಬರಿಗೊಬ್ಬರು ಮಾತಿರಲಿಲ್ಲ.

ಹೋದ ಮಾಘದಲ್ಲಿ ಆಪರೇಟರ್ ಬಾಬಾಜಾನ್ ನನ್ನ ಅಂಗಡಿಗೆ ಬಂದರು. ಅವರ ಕೈಯಿಂದ ಕೆಟ್ಟ ರೀಲಿನ ಹುಳಿ ವಾಸನೆ ಬರುತ್ತಿತ್ತು.

"ಕೊಡೆಯವನಿಗೆ ಹುಳಿ ಹಿಡಿದೈತೆ ಚಂಪಕ್ಕ," ಅಂದರು. "ರೀಲು ಮುದುರ್ಕಂಡು ಹಪ್ಪಳ ಆಗ್ತೈತೆ. ಅಂಚಿನ ತೂತು ಮಷೀನಿನ ಹಲ್ಲಿಗೆ ಕೂರ್ತಿಲ್ಲ. ಇನ್ನೊಂದು ಸಲ ಓಡಿಸಬೋದು, ಅಷ್ಟೆ. ಅದೂ ಗ್ಯಾರಂಟಿ ಇಲ್ಲ."

ಸಂಜೆ ಮಾವನ ಮನೆಗೆ ಹೋದೆ. ಎಂಬತ್ತೊಂದರ ಮುದುಕರು ಮೆಟ್ಟಿಲ ಮೇಲೆ ಕೂತು ಡಬ್ಬಿಯ ಮುಚ್ಚಳ ಒರೆಸುತ್ತಿದ್ದರು. "ಬರೋ ಭಾನುವಾರ, ಬೆಳಗ್ಗೆ ಹತ್ತು ಗಂಟೆಗೆ," ಅಂದರು. ಮುಚ್ಚಳ ಕೆಳಗಿಟ್ಟು, "ನೀನು ಹೇಳಿದ್ದೇ ಕೊನೆ ಮಾತು ಚಂಪಾ. ರೆಪ್ಪೆ ಹೊಡೀಬೇಡ ಕಣವ್ವ," ಅಂದರು.

ರೆಪ್ಪೆ ಹೊಡೆಯುವುದು ನಮ್ಮೂರಲ್ಲಿ ಸಣ್ಣ ವಿಷಯವಲ್ಲ. ಕಣ್ಣಾಗಿ ಕೂತವರು ಮುಖ್ಯವಾದ ಕಡೆ ರೆಪ್ಪೆ ಹೊಡೆದರೆ ಹೋಯಿತು, ಅದು ಇನ್ನೆಂದೂ ಅವರಿಗೆ ಸಿಗದು. ಹೊಡೆದೆ ಅಂತ ಒಪ್ಪಿಕೊಂಡರೆ ಮತ್ತೆ ಯಾರೂ ಕರೆದು ಕೂರಿಸುವುದಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳನ್ನು ಬೈಯುವ ಬೈಗುಳದಲ್ಲೂ ಅದು ಸೇರಿದೆ.

ಆ ಎಂಟು ದಿನ ನಾನು ಪಟ್ಟ ಪಾಡು ನನಗೇ ಗೊತ್ತು. ಮಷೀನಿನ ಸೂಜಿ ದಿಟ್ಟಿಸುತ್ತ ಎಷ್ಟು ಹೊಲಿಗೆ ರೆಪ್ಪೆ ಬಡಿಯದೆ ಇರಬಲ್ಲೆ ಅಂತ ಎಣಿಸಿದೆ. ಮೊದಲ ದಿನ ನೂರಹತ್ತು, ನಾಲ್ಕನೇ ದಿನ ಎಂಬತ್ತು. ಹೆದರಿಕೆ ಹೆಚ್ಚಾದಷ್ಟೂ ರೆಪ್ಪೆ ಪಟಪಟ ಅನ್ನುತ್ತಿತ್ತು. ಎರಡು ರವಿಕೆಗೆ ತೋಳು ತಿರುವುಮುರುವಾಗಿ ಹಚ್ಚಿದೆ. ಹೊಗೆ ಬೇಡ ಅಂತ ಒಗ್ಗರಣೆ ಬಿಟ್ಟೆ, ಈರುಳ್ಳಿ ಹೆಚ್ಚುವುದು ಬಿಟ್ಟೆ. ನನ್ನ ಗಂಡ ಮೂರು ದಿನ ಸಪ್ಪೆ ಸಾರು ಉಂಡು, ನಾಲ್ಕನೆಯ ದಿನ, "ಆ ಜಪಾನಿನೋನು ಕೊಂದನೋ ಬಿಟ್ಟನೋ ಗೊತ್ತಿಲ್ಲ, ನನ್ನನ್ನಂತೂ ಕೊಲ್ತಿದಾನೆ," ಅಂದ. ನಗು ಬರಲಿಲ್ಲ. ಕಣ್ಣಿನ ಡಾಕ್ಟರು ಓದುವ ಕನ್ನಡಕ ಬರೆದು ಆರು ತಿಂಗಳಾಗಿತ್ತು, ದೂರದ್ದು ಚೆನ್ನಾಗಿದೆ ಅಂದಿದ್ದರು. ಆ ಆರು ತಿಂಗಳಲ್ಲಿ ದೂರದ್ದೂ ಮಂಜಾಗಿದ್ದರೆ ಅಂತ, ದಿನಕ್ಕೆ ಹತ್ತು ಸಲ ಅಂಗಡಿಯ ಬಾಗಿಲಿಗೆ ಬಂದು ಎದುರಿನ ಔಷಧಿ ಅಂಗಡಿಯ ಬೋರ್ಡು ಓದುತ್ತಿದ್ದೆ.

ಶುಕ್ರವಾರ ಶಂಕರಲಿಂಗು ಮೇಷ್ಟರು ಬಂದರು. ಅವರಿಗೂ ಎಂಬತ್ತು ಹತ್ತಿರ. ಕೈಯಲ್ಲಿ ಹೊಲಿಯಲು ಕೊಡುವಂಥದ್ದು ಏನೂ ಇರಲಿಲ್ಲ. ಸ್ಟೂಲಿನ ಮೇಲೆ ಕೂತು, ಕೊಟ್ಟ ನೀರು ಕುಡಿದು, ನನ್ನ ಕತ್ತರಿಯನ್ನೇ ನೋಡುತ್ತಿದ್ದರು.

"ಭಾನುವಾರ ನೀನು ಕೂರ್ತಿಯಂತೆ."

"ಹೌದು ಮೇಷ್ಟ್ರೇ."

"ಏನು ಕಾಣುತ್ತೋ ಅದನ್ನೇ ಹೇಳಮ್ಮ. ಅವನು ನಿನ್ನ ಮಾವ ಅಂತ ನೋಡಬೇಡ. ನಾನು ಹಿರಿಯ ಅಂತಲೂ ನೋಡಬೇಡ." ಎದ್ದು ಬಾಗಿಲ ತನಕ ಹೋದವರು ತಿರುಗಿ ನಿಂತರು. "ಕಾಣದಿದ್ರೆ..." ಅಂದರು. ಮುಂದಕ್ಕೆ ಹೇಳದೆ ಹೊರಟುಹೋದರು.

ನನಗೆ ಸಿಟ್ಟು ಬಂತು. ಕಾಣದಿದ್ದರೆ ಅಂದರೇನು? ನಾನು ರೆಪ್ಪೆ ಹೊಡೆಯುತ್ತೇನೆ ಅಂತ ಈಗಲೇ ಶಕುನ ನುಡಿಯುವುದೇ? ಅವತ್ತು ಮತ್ತೆ ಸೂಜಿ ದಿಟ್ಟಿಸಿದೆ. ಅರವತ್ತು.

ಭಾನುವಾರ ಗೋದಾಮಿನ ಕಿಟಕಿಗಳಿಗೆ ಕಂಬಳಿ ಕಟ್ಟಿದ್ದರು. ಹನ್ನೊಂದು ಕಣ್ಣುಗಳಲ್ಲಿ ಬದುಕಿದ್ದ ಏಳು ಜನ ಬಂದಿದ್ದರು, ಉಳಿದ ಸಂಘದವರು ಒಂದಿಪ್ಪತ್ತು ಮಂದಿ. ಎಲ್ಲರೂ ಪರದೆಗೆ ಬೆನ್ನು ಹಾಕಿ, ಅಂದರೆ ನನಗೂ ಬೆನ್ನು ಹಾಕಿ ಕೂತರು. ಹಿಂದುಗಡೆ ಬಾಬಾಜಾನರ ಮಷೀನಿನ ಪಕ್ಕ ಬೇಡ ಅಂತ ಮಾವ ನನ್ನ ಕುರ್ಚಿಯನ್ನು ಎಲ್ಲರಿಗಿಂತ ಮುಂದೆ, ಪರದೆಗೆ ಹತ್ತು ಹೆಜ್ಜೆಯಲ್ಲಿ ಹಾಕಿಸಿದ್ದರು. ಅವರೂ ಬೆನ್ನು ಹಾಕಿ ನನ್ನ ಎಡಕ್ಕೆ, ಒಂದು ಹೆಜ್ಜೆ ಹಿಂದೆ ಕೂತರು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಮೇಷ್ಟರು ಬಲಕ್ಕೆ, ಸ್ವಲ್ಪ ದೂರ. ನನ್ನ ಕೈ ಎಷ್ಟು ತಣ್ಣಗಾಗಿತ್ತು ಅಂದರೆ ಸೆರಗಿನೊಳಗೆ ಸುತ್ತಿಕೊಂಡೆ.

ದೀಪ ಹೊತ್ತಿತು. "ಫೋಕಸ್ ಹೇಳವ್ವಾ!" ಅಂತ ಬಾಬಾಜಾನ್ ಕೂಗಿದರು. ಅವರಿಗೂ ಪರದೆ ಬೆಳ್ಳಗೇ ಅಲ್ಲವೇ, ನಮ್ಮ ಬಾಯಿ ನಂಬಿ ಓಡಿಸಬೇಕು. "ಇನ್ನೂ ಸ್ವಲ್ಪ, ಸಾಕು, ಬಂತು," ಅಂದೆ. ಬಂದದ್ದು ಬಿದಿರ ಕಡ್ಡಿ ಸೀಳುವ ಎರಡು ಕೈ.

ಹೇಳುತ್ತ ಹೋದೆ. ಅಂಗಳದ ತುಂಬ ಒಣಗಲು ಬಿಚ್ಚಿಟ್ಟ ಕೊಡೆಗಳು. ಅವುಗಳ ನಡುವೆ ಬೆನ್ನು ಬಗ್ಗಿಸಿ ಅಂಟು ಬಳಿಯುವ ಉದ್ದ ಮುಖದ ಗಂಡಸು, ತೇಪೆ ಹಾಕಿದ ಅಂಗಿ. ಕತ್ತಿ ಮಾತ್ರ ಗೋಡೆಯ ಗೂಟದ ಮೇಲೆ, ಧೂಳಿಲ್ಲದೆ. ದೋಣಿಯವನು ಬುಟ್ಟಿಯಲ್ಲಿ ಮೀನು ತಂದು ಬಾಗಿಲಲ್ಲಿಟ್ಟು ಮಾತಿಲ್ಲದೆ ಹೋಗುತ್ತಾನೆ. "ಅವನು ಹೋಗೋದನ್ನ ಕೊಡೆಯವನು ನೋಡ್ತಾನಾ?" ಅಂತ ಹಿಂದಿನಿಂದ ಯಾರೋ ಕೇಳಿದರು. "ನೋಡ್ತಾನೆ, ನೋಡಿಲ್ಲ ಅನ್ನೋ ಹಂಗೆ ತಲೆ ತಗ್ಗಿಸ್ತಾನೆ," ಅಂದೆ. ಮಾವ, "ಆಹಾ," ಅಂದರು. ಎಂಥ ಸಿನಿಮಾ ಅದು! ಅರವತ್ತೆರಡು ನೋಡಿದವಳು ಹೇಳುತ್ತಿದ್ದೇನೆ, ಒಬ್ಬ ಮನುಷ್ಯ ತನ್ನ ಬಡತನವನ್ನು ಅಷ್ಟು ಅಚ್ಚುಕಟ್ಟಾಗಿ ಮಡಿಸಿಟ್ಟುಕೊಂಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೂರನೇ ರೀಲಿಗೆ ಮಷೀನು ಕಟಕಟ ಅನ್ನತೊಡಗಿತು. ಚಿತ್ರ ಮೇಲೆ ಕೆಳಗೆ ಕುಣಿಯಿತು. "ತೂತು ಹರೀತೈತೆ, ಕೈಲಿ ಹಿಡ್ಕಂಡಿದೀನಿ, ನೀನು ಹೇಳ್ತಾ ಇರು!" ಅಂದರು ಬಾಬಾಜಾನ್. ಅವರ ಉಸಿರಾಟ ನನಗೆ ಕೇಳುತ್ತಿತ್ತು. ಕುದುರೆ ಆಳು ಬಂದ, ಕಾಗದ ಕೊಟ್ಟ. ಕೊಡೆಯವನು ಅದನ್ನು ಓದಿ, ಮಡಿಸಿ, ಅಂಟಿನ ಕುಡಿಕೆಯ ಕೆಳಗಿಟ್ಟ. ಗೂಟದ ಮೇಲಿನ ಕತ್ತಿ ತೆಗೆದುಕೊಂಡ. ನದಿಯಂಚಿನ ಎತ್ತರದ ಆಪು ಹುಲ್ಲಿನ ನಡುವೆ ನಡೆದ. ನನ್ನ ಹಿಂದೆ ಒಂದು ಕುರ್ಚಿಯೂ ಕಿರುಗುಟ್ಟಲಿಲ್ಲ.

"ಮರಳದಿಣ್ಣೆ," ಅಂದೆ. "ದೋಣಿ ದಡಕ್ಕೆ ಸಿಕ್ಕಿಸಿದೆ. ಗಾಳಿ ಎಡದಿಂದ. ದೋಣಿಯವನು ಬೆನ್ನು ತಿರುಗಿಸಿ ಹಗ್ಗ ಸುತ್ತುತಾ ಇದ್ದಾನೆ. ಗೊತ್ತಾಯ್ತು ಅವನಿಗೆ. ತಿರುಗಿದ."

ಕಣ್ಣು ಉರಿಯುತ್ತಿತ್ತು. ನೀರು ಕೆನ್ನೆಗಿಳಿದು ಬಾಯೊಳಗೆ ಉಪ್ಪಾಯಿತು. ಮೈಯೆಲ್ಲ ಕಣ್ಣಾಗಿ ಕೂತಿದ್ದೆ.

"ಬಲಗೈ ಹಿಡಿ ಮೇಲೆ ಬಂತು. ಹೆಬ್ಬೆರಳು ಒತ್ತಿದೆ. ದೋಣಿಯವನು ಟೋಪಿಗೆ ಕೈ ಹಾಕಿದ, ತೆಗೀತಿದ್ದಾನೆ..."

ಮಷೀನು ಟಕ್ ಅಂದಿತು. ದೋಣಿ ನದಿಯ ನಡುವೆ ಇತ್ತು.

ಹೊಡೆದೆ, ಹಾಳಾದ ರೆಪ್ಪೆ ಹೊಡೆದೇ ಬಿಟ್ಟೆ ಅಂತಲೇ ಮೊದಲು ಅನ್ನಿಸಿತು. ನಲವತ್ತು ವರ್ಷ ಎತ್ತಿಟ್ಟ ಕಣ್ಣು ಒಂದು ಚಿಟಿಕೆಯಲ್ಲಿ ಮಣ್ಣುಪಾಲು. ಹಿಂದಿದ್ದವರೆಲ್ಲ ಕಾಯುತ್ತಿದ್ದರು. "ನದಿಗೆ ಎಸೆದ" ಅನ್ನುವ ಎರಡು ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಹೇಳಿದರೆ ಮಾವ ಹಾಯಾಗಿ ಕಣ್ಣು ಮುಚ್ಚಬಹುದಿತ್ತು. ಆದರೆ ನಾನು ರೆಪ್ಪೆ ಹೊಡೆದಿರಲಿಲ್ಲ. ಎಂಟು ದಿನ ಎಣಿಸಿದವಳಿಗೆ ತನ್ನ ರೆಪ್ಪೆ ಬಿದ್ದದ್ದು ತಿಳಿಯುವುದಿಲ್ಲವೇ? ಕಣ್ಣೀರು ಒಂದೇ ಸಮ ಹರಿಯುತ್ತಿತ್ತು, ಅದನ್ನು ಹಿಂಡಿ ಹಾಕಲು ಕೂಡ ಕಣ್ಣು ಮುಚ್ಚಿರಲಿಲ್ಲ. ಟೋಪಿ ಅರ್ಧ ಎತ್ತಿದ ಕೈ ಅಲ್ಲೇ ನಿಂತುಹೋಗಿತ್ತು, ಹುಲ್ಲಿನ ಗಾಳಿಯ ಸದ್ದೂ ನಡುವಿಗೇ ಕತ್ತರಿಸಿದಂತೆ ನಿಂತುಹೋಗಿತ್ತು.

"ಹೇಳವ್ವ," ಅಂದರು ಮಾವ. ಅವರು ತಿರುಗಲಿಲ್ಲ. ಕತ್ತಿನ ನರ ಎದ್ದು ಕಾಣುತ್ತಿತ್ತು.

ಸುಳ್ಳು ಹೇಳಿದರೆ ನಾನು ಹನ್ನೆರಡನೆಯವಳು, ಕೊನೆಯವಳು. ನನ್ನ ನಂತರ ನೋಡಿ ತಿದ್ದಲು ಯಾರೂ ಇರುವುದಿಲ್ಲ. ಆ ಯೋಚನೆಗೆ ನನಗೆ ಎಂಟು ದಿನಗಳ ಹೆದರಿಕೆಗಿಂತ ದೊಡ್ಡ ಹೆದರಿಕೆಯಾಯಿತು.

"ಮಾವ," ಅಂದೆ. "ಅದು ಇಲ್ಲಿಲ್ಲ. ನಾನು ರೆಪ್ಪೆ ಹೊಡೀಲಿಲ್ಲ. ನಿಮ್ಮಾಣೆಗೂ ಹೊಡೀಲಿಲ್ಲ. ಹಿಡಿ ಮೇಲೆ ಕೈ ಬಂತು, ಆಮೇಲೆ ಒಂದೇ ಸಲ ದೋಣಿ ನೀರಲ್ಲಿದೆ. ನಡುವಿನ ರೀಲೇ ಇಲ್ಲ. ಯಾರೋ ಯಾವ ಕಾಲಕ್ಕೋ ಕತ್ತರಿಸಿ ಅಂಟಿಸಿದಾರೆ."

ಮಷೀನಿನ ಹಿಂದಿನಿಂದ ಬಾಬಾಜಾನ್, "ಅಂಟು ಕೈಗೆ ಸಿಕ್ತು ನನಗೆ, ಈಗ ದಾಟಿಹೋಯ್ತು," ಅಂದರು. "ಈ ರೀಲಲ್ಲಿ ನಲವತ್ತು ಅಂಟೈತೆ. ಯಾವುದರಾಗೆ ಏನು ಹೋಗೈತೆ ಅಂತ ಕಾಣದೋನಿಗೆ ಏನು ಗೊತ್ತು?"

ಬಲಗಡೆಯಿಂದ ಒಂದು ಸದ್ದು ಬಂತು. ಮೊದಲು ಕೆಮ್ಮು ಅಂದುಕೊಂಡೆ. ಶಂಕರಲಿಂಗು ಮೇಷ್ಟರು ಅಳುತ್ತಿದ್ದರು.

"ನಾನು ರೆಪ್ಪೆ ಹೊಡೆದೆ ಅನ್ಕೊಂಡೆ ಕಣೋ ದೇವೀರ," ಅಂದರು. ಮೂವತ್ತೊಂದು ವರ್ಷದ ನಂತರದ ಮೊದಲ ಮಾತು. "ಎಲ್ಲರೂ ಕಾಯ್ತಾ ಇದ್ರು. ಏನಾದ್ರೂ ಹೇಳ್ಬೇಕಿತ್ತು. ಕೊಂದ ಅಂತ ಬಾಯಿಗೆ ಬಂದುಬಿಡ್ತು. ಒಂದು ಸಲ ಹೇಳಿದ್ಮೇಲೆ ವಾಪಸ್ ತಗೊಳೋದು ಹೆಂಗೆ?"

"ನಾನೂ," ಅಂದರು ಹಿಂದಿನ ಸಾಲಿನ ದರ್ಜಿ ಹೊನ್ನಪ್ಪ. "ಎಸೆದ ಅಂತ ಹೇಳಿದ್ದೆ. ನೋಡಿರಲಿಲ್ಲ." ಒಬ್ಬೊಬ್ಬರಾಗಿ ಏಳೂ ಜನ ಅದನ್ನೇ ಹೇಳಿದರು. ಒಬ್ಬೊಬ್ಬರೂ ಇಷ್ಟು ವರ್ಷ, ತಾನೊಬ್ಬನೇ ಕಳ್ಳ, ಉಳಿದವರೆಲ್ಲ ಕಂಡವರು ಅಂದುಕೊಂಡು ಬದುಕಿದ್ದರು.

ನಾನು ಪರದೆ ಮರೆತು ಮಾವನ ಕಡೆ ತಿರುಗಿಬಿಟ್ಟಿದ್ದೆ. ಅವರ ಎರಡೂ ಕೈ ಮೊಣಕಾಲನ್ನು ಗಟ್ಟಿಯಾಗಿ ಹಿಡಿದಿದ್ದವು. ಕೊಡೆಯವನು ಕೊಂದ ಅಂದಿದ್ದರೂ ಅವರು ತಡೆದುಕೊಳ್ಳುತ್ತಿದ್ದರೇನೋ. ಇದಕ್ಕೆ ಅವರು ತಯಾರಾಗಿರಲಿಲ್ಲ.

"ನಾನೂ ನೋಡಿರಲಿಲ್ಲ ಹಾಗಾದ್ರೆ," ಅಂದರು ಕೊನೆಗೆ, ತಮಗೆ ತಾವೇ. "ಎಸೆದಿದ್ದು ಹಂಗೇ ಕಣ್ಣಿಗೆ ಕಟ್ಟಿದಂಗೈತೆ. ನೀರು ಹಾರಿದ್ದೂ ಗೊತ್ತು ನಂಗೆ." ಆಮೇಲೆ ಚಿಕ್ಕ ಮಕ್ಕಳು ಕತ್ತಲಲ್ಲಿ ಕೇಳುವ ಹಾಗೆ ಕೇಳಿದರು, "ಅವನು ಎಸೀಲಿಲ್ಲ ಅಂದ್ರೆ, ಅವತ್ತು ಸೇತುವೆಯಿಂದ ನನ್ನ ವಾಪಸ್ ಕಳಿಸಿದೋನು ಯಾರು?"

ಮೇಷ್ಟರು ಕುರ್ಚಿ ಎಳೆದುಕೊಂಡು ಬಂದು ಮಾವನ ಪಕ್ಕಕ್ಕೆ ಕೂತರು.

"ಯಾರೂ ಕಳಿಸ್ಲಿಲ್ಲ ಕಣೋ," ಅಂದರು. "ನೀನೇ ಬಂದೆ."

ಮಾವನ ಭುಜ ಒಂದು ಸಲ ಮೇಲೆದ್ದು ಇಳಿಯಿತು. ಅವರ ಮುಖ ನನಗೆ ಕಾಣುತ್ತಿರಲಿಲ್ಲ, ಕಂಡಿದ್ದರೂ ಹೇಳಲು ಬರುತ್ತಿರಲಿಲ್ಲ. ಅಷ್ಟರಲ್ಲಿ ರೀಲು ಬಿಚ್ಚಿಕೊಂಡು ಪಟಪಟ ಬಡಿಯತೊಡಗಿತು. ತಿರುಗಿ ನೋಡಿದರೆ ಪರದೆ ಬೆಳ್ಳಗಿತ್ತು. ಸಿನಿಮಾ ಮುಗಿದುಹೋಗಿತ್ತು. ಕೊನೆಯ ಭಾಗವನ್ನು ನಾನು ನೋಡಲೇ ಇಲ್ಲ, ಇನ್ನು ನೋಡುವ ಹಾಗೂ ಇರಲಿಲ್ಲ.

"ಅಯ್ಯೋ, ಕೊನೆ ನೋಡ್ಲಿಲ್ಲ ಮಾವ," ಅಂದೆ. ಅಳು ಬಂದುಬಿಟ್ಟಿತು.

"ಅದಕ್ಯಾಕವ್ವ ಅಳ್ತಿ, ಕೂತ್ಕೊ ಹೇಳ್ತೀನಿ," ಅಂದರು ಮಾವ. "ದೋಣಿ ಎಡಗಡೆಗೆ ಹೋಗುತ್ತೆ."

"ಬಲಗಡೆಗೆ," ಅಂದರು ಮೇಷ್ಟರು, ಮೂಗು ಒರೆಸಿಕೊಳ್ಳುತ್ತ.

"ಎಡಗಡೆಗೆ ಕಣೋ."

"ಬಲಗಡೆಗೋ ದೇವೀರ, ಅದನ್ನ ಮಾತ್ರ ನಾನು ಚೆನ್ನಾಗಿ ನೋಡಿದೀನಿ."